ಚಕಮಕಿ ಕೋವಿ: ನಂದಿದುರ್ಗದ ಮುತ್ತಿಗೆಯ ಕಾಲದ ಸೈನಿಕ ಬಂದೂಕು

ನಂದಿದುರ್ಗವು ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರ ಅಕ್ಟೋಬರ್ 19ರಂದು, ಟಿಪ್ಪು ಸುಲ್ತಾನನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಕೋಟೆಗೋಡೆಯನ್ನು ಒಡೆದದ್ದು ಫಿರಂಗಿಗಳಾದರೂ, ಕಂಪನಿಯ ಕಾಲಾಳಿನ ಮುಖ್ಯ ಆಯುಧ ಚಕಮಕಿ ಕೋವಿಯಾಗಿತ್ತು. ಮೈಸೂರಿನ ಸೈನ್ಯದಲ್ಲಿ ಇದರ ಜೊತೆಗೆ, ಹೊತ್ತಿಸಿದ ಹುರಿಯಿಂದ ಮದ್ದಿಗೆ ಬೆಂಕಿ ಕೊಡುವ ಹಳೆಯ ಬಗೆಯ ಕೋವಿಗಳೂ ಇದ್ದವು.

ಕುದುರೆಯನ್ನು, ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆಯನ್ನು, ಎಳೆದೊಡನೆ ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುವ ಸುತ್ತಿಗೆಯು ಉಕ್ಕಿನ ತಗಡಿಗೆ ಬಡಿದು ಕಿಡಿಯೇಳುತ್ತದೆ. ಆ ಕಿಡಿ ಪುಟ್ಟ ಬಟ್ಟಲಿನ ಮದ್ದಿಗೆ ತಗುಲಿ, ಪಕ್ಕದ ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಹೊತ್ತಿಸುತ್ತದೆ. ಪಳಗಿದ ಸಿಪಾಯಿ ನಿಮಿಷಕ್ಕೆ ಎರಡು ಮೂರು ಗುಂಡು ಹಾರಿಸಬಲ್ಲವನಾಗಿದ್ದರೂ, ನಳಿಗೆಯ ಒಳಮೈ ನುಣುಪಾಗಿದ್ದುದರಿಂದ ನೂರು ಗಜದಾಚೆಗೆ ಗುರಿ ನಂಬುವಂತಿರಲಿಲ್ಲ. ಒಳಮೈಯಲ್ಲಿ ಸುರುಳಿಗೆರೆ ಕೊರೆದು ಗುಂಡು ಬುಗುರಿಯಂತೆ ಸುತ್ತುತ್ತ ಹೊರಡುವಂತೆ ಮಾಡಿದ ಕೋವಿಗೆ ಮಾತ್ರ ರೈಫಲ್ ಎಂಬ ಹೆಸರು ಸಲ್ಲುತ್ತದೆ. ಹಳೆಯ ಬಂದೂಕನ್ನೆಲ್ಲ ರೈಫಲ್ ಎನ್ನುವ ರೂಢಿ ಸರಿಯಲ್ಲ.

ಸಂಗ್ರಾಹಕರು ಬಹುವಾಗಿ ಬಯಸುವುದು ಟಿಪ್ಪುವಿಗಾಗಿ ತಯಾರಾದ, ಹುಲಿಮುಖ ಮತ್ತು ಹುಲಿಪಟ್ಟೆಗಳ ಅಲಂಕಾರವುಳ್ಳ ಕೋವಿಗಳನ್ನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆಹೋದ ಇಂಥ ಆಯುಧಗಳಲ್ಲಿ ಕೆಲವು ಇಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ನೂರು ವರ್ಷ ದಾಟಿದ ಕೋವಿಯು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುವುದರಿಂದ ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವಂತಿಲ್ಲ.

ಅಟ್ಟದಲ್ಲಿ ಹಳೆಯ ಕೋವಿ ಸಿಕ್ಕವರು ಮದ್ದು ತುಂಬಿ ಪರೀಕ್ಷಿಸಬಾರದು, ತುಕ್ಕು ಹಿಡಿದ ನಳಿಗೆ ಸಿಡಿಯಬಹುದು. ಸಮೀಪದ ಪೊಲೀಸ್ ಠಾಣೆಗೆ ತಿಳಿಸಬೇಕಾಗಿ ಕೋರಲಾಗಿದೆ.