ಹಳೆಯ ಭಾವಚಿತ್ರಗಳಲ್ಲಿ ಕೆಂಪು ಕಪ್ಪಾದ ಬಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹಳೆಯ ಮನೆತನಗಳ ಪಡಸಾಲೆಯಲ್ಲಿ ಹಿರಿಯರ ಭಾವಚಿತ್ರಗಳನ್ನು ತಾವು ಕಂಡಿರಬಹುದು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಚಿತ್ರವೊಂದು ಸಿಕ್ಕರೆ ತುಸು ನಿಂತು ನೋಡಿರಿ. ಅಜ್ಜಿಯ ಸೆರಗು ಕಪ್ಪು, ಹಣೆಯ ಕುಂಕುಮ ಮಸಿಯ ಬೊಟ್ಟು, ಮುಖವೂ ಕಪ್ಪು. ಆಕೆ ಚಂದ್ರಕಾಳಿ ಉಟ್ಟಿದ್ದಳೆಂದೂ ಮೈಬಣ್ಣ ಕಪ್ಪೆಂದೂ ಮನೆಯವರು ನಂಬಿಬಿಡುತ್ತಾರೆ. ಈ ನಂಬಿಕೆಯನ್ನು ಪರೀಕ್ಷಿಸಬೇಕಾಗಿದೆ.

ನಮ್ಮ ಸೀಮೆಗೆ ಕ್ಯಾಮರಾ ಮೊದಲು ಬಂದದ್ದು ಮನುಷ್ಯರಿಗಾಗಿ ಅಲ್ಲ. ಮುಂಬಯಿ ಸರಕಾರವು 1855ರಲ್ಲಿ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ನೇಮಿಸಿ ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಿಸಿತು. ಅದೇ ವರ್ಷ ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಛಾಯಾಚಿತ್ರಣದ ತರಗತಿ ಪ್ರಾರಂಭವಾಯಿತು. ಅಲ್ಲಿ ಕಲಿತ ಹರಿಚಂದ ಚಿಂತಾಮಣಿ ಮುಂದೆ ಭಾವಚಿತ್ರಗಳ ಉದ್ಯೋಗವನ್ನೇ ಕೈಗೊಂಡನು. ಲಾಲಾ ದೀನದಯಾಳರು 1896ರಲ್ಲಿ ಮುಂಬಯಿಯಲ್ಲಿ ಸ್ಟುಡಿಯೋ ತೆರೆದರು. ಅಷ್ಟರೊಳಗೆ, 1884ರ ಸುಮಾರಿಗೆ, ಹೊಟಗಿ–ಗದಗ ರೈಲುಮಾರ್ಗವು ವಿಜಾಪುರ, ಬಾಗಲಕೋಟೆಗಳನ್ನು ಹಾದುಹೋಗಿ ದೊಡ್ಡ ಪಟ್ಟಣಗಳ ದಾರಿಯನ್ನು ಸುಗಮಗೊಳಿಸಿತ್ತು.

ಅಂದಿನ ಚಿತ್ರಗಾರನ ಕೆಲಸ ಸುಲಭದ್ದಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸವರಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಿರುವಾಗಲೇ ಚಿತ್ರ ತೆಗೆದು ಕತ್ತಲಕೋಣೆಗೆ ಓಡಬೇಕು. ಕುಳಿತವರು ಹಲವು ಸೆಕೆಂಡುಗಳ ಕಾಲ ಅಲುಗಾಡುವಂತಿಲ್ಲ. ತಲೆಯ ಹಿಂದೆ ಕಬ್ಬಿಣದ ಆಸರೆ ಇರುತ್ತಿತ್ತು. ನಮ್ಮ ಹಿರಿಯರ ಆ ಬಿಗುಮುಖಕ್ಕೆ ಗಾಂಭೀರ್ಯದಷ್ಟೇ ಈ ಕಬ್ಬಿಣವೂ ಕಾರಣ! ಚಿತ್ರ ಮೂಡಿಸುವ ಕಾಗದಕ್ಕೆ ಕೋಳಿಮೊಟ್ಟೆಯ ಬಿಳಿಲೋಳೆಯ ಲೇಪ. ಇದನ್ನರಿತಿದ್ದರೆ ಮಠದ ಹಿರಿಯರು ಕ್ಯಾಮರಾದ ಎದುರು ಕುಳಿತುಕೊಳ್ಳುತ್ತಿದ್ದರೋ ಇಲ್ಲವೋ!

ಮುಖ್ಯ ಸಂಗತಿ ಇನ್ನೊಂದಿದೆ. ಆ ಗಾಜಿನ ಹಲಗೆಗೆ ನೀಲಿಯ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು; ಕೆಂಪು ತಾಗುತ್ತಲೇ ಇರಲಿಲ್ಲ. ಆದುದರಿಂದ ನೀಲಿ ಬೆಳ್ಳಗಾಗಿಯೂ, ಕೆಂಪು, ಅರಿಷಿಣ, ಕಾವಿಗಳು ಕಪ್ಪಾಗಿಯೂ ಮೂಡುತ್ತಿದ್ದವು. ವಿಭೂತಿಯೊಂದೇ ತನ್ನ ಬಣ್ಣಕ್ಕೆ ನಿಷ್ಠವಾಗಿ ಉಳಿಯಿತು. ಗೋಧಿವರ್ಣದ ಮುಖವೂ ಇದ್ದುದಕ್ಕಿಂತ ಕಪ್ಪಾಯಿತು. 1880ರ ಹೊತ್ತಿಗೆ ಒಣಹಲಗೆಗಳು ಬಳಕೆಗೆ ಬಂದರೂ ಈ ದೋಷ ಹೋಗಲಿಲ್ಲ. ಜರ್ಮನಿಯ ಫೋಗೆಲ್ 1873ರಲ್ಲೇ ಪರಿಹಾರದ ದಾರಿ ತೋರಿಸಿದ್ದರೂ, ಎಲ್ಲ ಬಣ್ಣಗಳನ್ನೂ ಗ್ರಹಿಸುವ ಹಲಗೆ ಮಾರುಕಟ್ಟೆಗೆ ಬಂದುದು 1906ರಲ್ಲಿ.

ಇದರಿಂದ ನೇಕಾರರಿಗೇ ಹೆಚ್ಚಿನ ಹಾನಿ. ಇಳಕಲ್ಲ ಸೀರೆಯ ಟೋಪುತೆನೆ ಸೆರಗು ಕೆಂಪು. ರಬಕವಿ-ಬನಹಟ್ಟಿಯ ಮಗ್ಗದ ಮೇಲೆ ಯಾರಾದರೂ ಇಂಥ ಚಿತ್ರವನ್ನು ನಂಬಿ ಹಳೆಯ ಮಾದರಿಯನ್ನು ನೇಯಹೊರಟರೆ ಕೆಂಪಿಗೆ ಕಪ್ಪು ನೂಲು, ನೀಲಿಗೆ ಬಿಳಿ ನೂಲು ಬಿದ್ದೀತು. ವಿನ್ಯಾಸದ ಗೆರೆಗಳಿಗೆ ಚಿತ್ರವು ಸಾಕ್ಷಿಯಾಗಬಲ್ಲದು, ಬಣ್ಣಕ್ಕಲ್ಲ. ಮೇಲೆ ಬಣ್ಣ ಹಚ್ಚಿದ ಚಿತ್ರಗಳುಂಟು. ಆದರೆ ಅದು ಕುಂಚದವನ ಕೈಚಳಕ. ಅವನು ಸೀರೆಯನ್ನು ಕಣ್ಣಾರೆ ಕಂಡಿದ್ದನೆಂದು ಹೇಳಲಾಗದು. ಪೆಟ್ಟಿಗೆಯಲ್ಲಿ ಹಳೆಯ ಸೀರೆಯ ತುಂಡೊಂದು ಉಳಿದಿದ್ದರೆ ಅದನ್ನು ಚಿತ್ರದ ಪಕ್ಕಕ್ಕಿಟ್ಟು ನೋಡುವುದೇ ಸರಿಯಾದ ಪರೀಕ್ಷೆ.

ರಟ್ಟಿನ ಮೇಲೆ ಸ್ಟುಡಿಯೋದ ಹೆಸರು ಚಿನ್ನದ ಅಕ್ಷರಗಳಲ್ಲಿ ಮೆರೆಯುತ್ತಿದ್ದರೂ ಕುಳಿತವರ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಮನೆಯಲ್ಲಿ ಬಲ್ಲ ಹಿರಿಯರಿರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿರಿ. ಶಾಯಿ ಬೇಡ, ಅದು ಇಳಿದು ಮುಖಕ್ಕೆ ಬರುತ್ತದೆ.