ಗೀಸರ್‌ಗೂ ಇದೆ ಆಯುಷ್ಯ: ನಿರ್ವಹಣೆ ಹೇಗೆ?

ತಾಮ್ರದ ಹಂಡೆ ಹಾಗೂ ಬಚ್ಚಲ ಒಲೆಗಳು ನಗರದ ಮನೆಗಳಿಂದ ಬಹುಮಟ್ಟಿಗೆ ಕಣ್ಮರೆಯಾಗಿವೆ. ಆ ಸ್ಥಾನವನ್ನು ಗೋಡೆಗೆ ತೂಗುಹಾಕುವ ವಿದ್ಯುತ್ ಗೀಸರ್ ಆಕ್ರಮಿಸಿದೆ. ಹಂಡೆ ಎರಡು-ಮೂರು ತಲೆಮಾರು ಬಾಳುತ್ತಿತ್ತು. ಗೀಸರ್‌ನ ಆಯುಷ್ಯವಾದರೋ ಸಾಮಾನ್ಯವಾಗಿ 8ರಿಂದ 12 ವರ್ಷ. ಗಡಸು ನೀರಿನ ಬಡಾವಣೆಗಳಲ್ಲಿ ಆರೈಕೆ ತಪ್ಪಿದರೆ ಅದಕ್ಕೂ ಮೊದಲೇ ಟ್ಯಾಂಕ್ ಸೋರತೊಡಗುತ್ತದೆ. ಹಂಡೆ ತೆರೆದ ಪಾತ್ರೆ. ಗೀಸರ್ ಒತ್ತಡ ತಡೆದುಕೊಳ್ಳಬೇಕಾದ ಮುಚ್ಚಿದ ಪಾತ್ರೆ. ಹೀಗಾಗಿ ಅದರ ನಿರ್ವಹಣೆಯಲ್ಲಿ ಖರ್ಚಿನ ಜತೆಗೆ ಮನೆಮಂದಿಯ ಸುರಕ್ಷತೆಯೂ ಅಡಗಿದೆ.

ಗಡಸು ನೀರೇ ಶತ್ರು

ರಾಜ್ಯದ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅಧಿಕ. ಭಾರತೀಯ ಮಾನಕ ಬ್ಯೂರೋ ನಿಯಮದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲ ಇಲ್ಲದಿದ್ದಾಗ ಮಾತ್ರ 600ರವರೆಗೆ ವಿನಾಯಿತಿ ಇದೆ. ನೀರು ಕಾದಾಗ ಈ ಲವಣಗಳು ಸುಣ್ಣದ ಪದರವಾಗಿ ಹೀಟಿಂಗ್ ಕಾಯಿಲ್‌ಗೆ ಅಂಟಿಕೊಳ್ಳುತ್ತವೆ. ಪದರ ದಪ್ಪವಾದಂತೆ ಶಾಖವು ನೀರಿಗೆ ಸರಾಗವಾಗಿ ದಾಟದೆ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಪದರ ಬೇಗ ಬೆಳೆಯುವುದರಿಂದ ಥರ್ಮೋಸ್ಟಾಟ್ ಅನ್ನು 55ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಸೀಮಿತಗೊಳಿಸುವುದು ಒಳಿತು.

2,000 ವಾಟ್‌ನ ಗೀಸರ್ 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 20 ನಿಮಿಷ ತೆಗೆದುಕೊಳ್ಳುತ್ತದೆ. ತಗಲುವ ವಿದ್ಯುತ್ ಸುಮಾರು 0.6 ಯೂನಿಟ್. ಇದಕ್ಕಿಂತ ಬಹಳ ಹೆಚ್ಚು ಹೊತ್ತು ಹಿಡಿದರೆ ಅಥವಾ ಕಾಯುವಾಗ ಟ್ಯಾಂಕ್‌ನೊಳಗೆ ಚಟಪಟ ಸದ್ದು ಕೇಳಿಬಂದರೆ ತಪಾಸಣೆಗೆ ಕಾಲ ಬಂದಿದೆ ಎಂದರ್ಥ.

ಸವೆಯಲೆಂದೇ ಇಟ್ಟ ಸರಳು

ಉಕ್ಕಿನ ಟ್ಯಾಂಕ್‌ನೊಳಗೆ ಮೆಗ್ನೀಸಿಯಂ ಸರಳೊಂದನ್ನು ಅಳವಡಿಸಲಾಗಿರುತ್ತದೆ. ಇದಕ್ಕೆ ಆನೋಡ್ ರಾಡ್ ಎಂದು ಹೆಸರು. ಟ್ಯಾಂಕ್‌ಗೆ ಹಿಡಿಯಬೇಕಾದ ತುಕ್ಕನ್ನು ತನ್ನತ್ತ ಸೆಳೆದುಕೊಂಡು ಸವೆಯುವುದೇ ಇದರ ಕೆಲಸ. ಸರಳು ಪೂರ್ತಿ ಕರಗಿದ ಮೇಲೆ ತುಕ್ಕು ಟ್ಯಾಂಕ್‌ನತ್ತ ತಿರುಗುತ್ತದೆ. ವರ್ಷಕ್ಕೊಮ್ಮೆ ಕಾಯಿಲ್ ಶುಚಿಗೊಳಿಸಿ, ತಳದ ಗಸಿ ಹೊರಹಾಕಿಸುವಾಗ ಸರಳನ್ನೂ ಪರೀಕ್ಷಿಸಬೇಕು. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಾಯಿಸಬೇಕು. ಕೆಲವು ನೂರು ರೂಪಾಯಿಯ ಈ ಬಿಡಿಭಾಗ ಸಾವಿರಾರು ರೂಪಾಯಿಯ ಟ್ಯಾಂಕ್ ಅನ್ನು ಉಳಿಸಬಲ್ಲದು.

ಹನಿಯುವ ವಾಲ್ವ್ ಮುಚ್ಚಬೇಡಿ

ಕಾದ ನೀರು ಹಿಗ್ಗುತ್ತದೆ. 15 ಲೀಟರ್ ನೀರು 60 ಡಿಗ್ರಿ ತಲುಪುವಷ್ಟರಲ್ಲಿ ಸುಮಾರು 200 ಮಿಲಿಲೀಟರ್ ಹೆಚ್ಚುತ್ತದೆ. ಆಗ ಸುರಕ್ಷಾ ವಾಲ್ವ್‌ನಿಂದ ನೀರು ಹನಿಯುವುದು ಸಹಜ. ಸೋರಿಕೆಯೆಂದು ಭಾವಿಸಿ ಅದಕ್ಕೆ ಬಿರಡೆ ಹಾಕಿಸುವುದು ಅಪಾಯಕರ. ಥರ್ಮೋಸ್ಟಾಟ್ ಹಾಗೂ ಕಟ್‌ಔಟ್ ಎರಡೂ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ಕಾಯುವುದು ಈ ವಾಲ್ವ್ ಒಂದೇ. ಗೀಸರ್‌ಗೆ 16 ಆಂಪಿಯರ್‌ನ ಸಾಕೆಟ್, ಸಮರ್ಪಕ ಅರ್ಥಿಂಗ್ ಹಾಗೂ 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿತಗೊಳಿಸುವ ಆರ್‌ಸಿಸಿಬಿ ಇರುವುದು ಅವಶ್ಯ. ನಲ್ಲಿ ಮುಟ್ಟಿದಾಗ ಜುಮ್ಮೆನಿಸಿದರೆ ಕೂಡಲೇ ಮುಖ್ಯ ಸ್ವಿಚ್ ಆರಿಸಿ, ಎಲೆಕ್ಟ್ರೀಷಿಯನ್‌ರನ್ನು ಕರೆಸಬೇಕು.

ಗ್ಯಾಸ್ ಗೀಸರ್: ಎಚ್ಚರ

ಗ್ಯಾಸ್ ಗೀಸರ್‌ನ ಅಪಾಯ ಬೇರೆ ಬಗೆಯದು. ಗಾಳಿಯಾಡದ ಸ್ನಾನಗೃಹದಲ್ಲಿ ಅನಿಲ ಪೂರ್ಣವಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಬಣ್ಣ, ವಾಸನೆ ಇಲ್ಲದ ಈ ವಿಷಾನಿಲ ಅರಿವಿಗೆ ಬರುವ ಮುನ್ನವೇ ಪ್ರಜ್ಞೆ ತಪ್ಪಿಸುತ್ತದೆ. ರಾಜ್ಯದಲ್ಲೂ ಇಂತಹ ಸಾವುಗಳು ಸಂಭವಿಸಿವೆ. ಈ ಗೀಸರ್‌ ಅನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವ ಜಾಗದಲ್ಲೇ ಅಳವಡಿಸಬೇಕು. ನೀಲಿ ಜ್ವಾಲೆ ಹಳದಿಗೆ ತಿರುಗಿದರೆ ಬಳಕೆ ನಿಲ್ಲಿಸಿ ದುರಸ್ತಿ ಮಾಡಿಸಬೇಕು.

ಬದಲಾವಣೆ ಯಾವಾಗ?

ಕಾಯಿಲ್, ಥರ್ಮೋಸ್ಟಾಟ್, ವಾಲ್ವ್ ಕೆಟ್ಟರೆ ದುರಸ್ತಿ ಸಾಕು. ಟ್ಯಾಂಕ್ ತೂತಾಗಿದ್ದರೆ ಬೆಸುಗೆ ಹಾಕಿಸಿ ಮತ್ತೆ ಬಳಸುವುದು ಕೂಡದು. ಬಿಸಿನೀರಿನಲ್ಲಿ ತುಕ್ಕಿನ ಬಣ್ಣ ಕಾಣಿಸಿಕೊಂಡು, ತಣ್ಣೀರು ಮಾತ್ರ ತಿಳಿಯಾಗಿದ್ದರೆ ಅದು ಟ್ಯಾಂಕ್ ಸವೆಯುತ್ತಿರುವ ಸೂಚನೆ. ಹೊಸದನ್ನು ಕೊಳ್ಳುವವರು ಐಎಸ್ 2082 ಗುರುತು ಹಾಗೂ ಇಂಧನ ದಕ್ಷತೆಯ ನಕ್ಷತ್ರ ಚೀಟಿಯನ್ನು ಗಮನಿಸಬೇಕು. ಕೊಳವೆಬಾವಿ ನೀರು ಬಳಸುವವರು ಗಡಸು ನೀರಿಗೆ ತಕ್ಕ ಮಾದರಿಯನ್ನೇ ಕೇಳಿ ಪಡೆಯುವುದು ಸೂಕ್ತ.