ಪಾನವ್ಯಸನದ ಚಿಕಿತ್ಸೆಯೂ ಸಂಶೋಧನೆಯ ದ್ರವ್ಯವೂ: ಒಂದು ಚಾರಿತ್ರಿಕ ಅವಲೋಕನ

ಮದರಾಸಿನ ವಾಯವ್ಯ ಭಾಗದಲ್ಲಿರುವ ಅಂಬತ್ತೂರು ಒಂದು ಕಾಲಕ್ಕೆ ಕೆರೆಯನ್ನು ಆಶ್ರಯಿಸಿದ ಹಳ್ಳಿಯಾಗಿದ್ದಿತು. 1949ರಲ್ಲಿ ಸ್ಥಾಪನೆಗೊಂಡ ಟಿ.ಐ. ಸೈಕಲ್ ಕಾರ್ಖಾನೆ, 1959ರ ಡನ್‌ಲಪ್ ಟೈರು ಕಾರ್ಖಾನೆ, 1964ರಲ್ಲಿ ತಲೆಯೆತ್ತಿದ ಕೈಗಾರಿಕಾ ವಸಾಹತು ಇವು ಆ ಹಳ್ಳಿಯನ್ನು ಕಾರ್ಮಿಕರ ಊರನ್ನಾಗಿ ಮಾಡಿದುವು. 2011ರಲ್ಲಿ ಅದು ಚೆನ್ನೈ ಮಹಾನಗರಪಾಲಿಕೆಯಲ್ಲಿ ಸೇರಿಹೋಯಿತು. ಕೂಲಿ ಬಟವಾಡೆಯಾಗುವ ಊರಿನಲ್ಲಿ ಮದ್ಯದಂಗಡಿಯೂ ದೂರವಿರುವುದಿಲ್ಲ. ಸಂಬಳದ ಸಂಜೆ ಮನೆಗೆ ಬರಬೇಕಾದ ಹಣ ದಾರಿಯಲ್ಲಿಯೇ ಕರಗುವುದನ್ನು ಕಂಡ ಸಂಸಾರಗಳು ನಮ್ಮವರಲ್ಲಿಯೂ ಇಲ್ಲದಿಲ್ಲ. ಕುಡಿತವನ್ನು ಬಿಡಿಸುವ ಉಪಾಯಗಳನ್ನು ಶೋಧಿಸುವುದಕ್ಕೆ ಯಾರು, ಎಂದು, ಎಷ್ಟರ ಮಟ್ಟಿಗೆ ದ್ರವ್ಯವನ್ನು ಒದಗಿಸಿದರು, ಆ ಶೋಧನೆಯಲ್ಲಿ ನಮ್ಮ ನುಡಿಗೆ ದೊರೆತ ಪಾಲೇನು ಎಂಬ ಪ್ರಶ್ನೆಗಳನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸಬೇಕೆಂದಿದೆ.

ಮೊದಲಿಗೆ ಒಂದು ಭೇದವನ್ನು ಗಮನಿಸಬೇಕು. ಪಾನವ್ಯಸನಕ್ಕೆ ಔಷಧದ ಚಿಕಿತ್ಸೆಯೊಂದು, ಮಾತಿನ ಚಿಕಿತ್ಸೆಯೊಂದು. 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕಬ್ಸೆನ್ ಎಂಬವರು ಲೋಕಕ್ಕೆ ಪರಿಚಯಿಸಿದ ಡೈಸಲ್ಫಿರಾಮ್, 1994ರಲ್ಲಿ ಅಮೆರಿಕದಲ್ಲಿ ಈ ವ್ಯಾಧಿಗೆ ಮಾನ್ಯತೆ ಪಡೆದ ನಾಲ್ಟ್ರೆಕ್ಸೋನ್ ಇವು ಮೊದಲನೆಯ ವರ್ಗದವು. ರೋಗಿಯೊಡನೆ ಕುಳಿತು ಅವನ ಅಭ್ಯಾಸದ ಲೆಕ್ಕವನ್ನು ಅವನ ಮುಂದಿಡುವುದು, ಆಸೆ ಉಕ್ಕುವ ಹೊತ್ತನ್ನು ದಾಟುವ ಬಗೆಯನ್ನೂ ಗೆಳೆಯರ ಒತ್ತಾಯವನ್ನು ನಿರಾಕರಿಸುವ ಬಗೆಯನ್ನೂ ಕಲಿಸುವುದು ಎರಡನೆಯ ವರ್ಗ. ಇದಕ್ಕೆ ವರ್ತನ ಚಿಕಿತ್ಸೆ ಎಂದು ಹೆಸರು. ಮಾತ್ರೆಯ ಮೇಲೆ ಒಡೆತನದ ಹಕ್ಕನ್ನು ಪಡೆದು ಮಾರಿ ಲಾಭ ಗಳಿಸಬಹುದಾದುದರಿಂದ ಔಷಧ ಕಂಪನಿಗಳು ಅದರ ಪರೀಕ್ಷೆಗೆ ಹಣ ಹೂಡುತ್ತವೆ. ಮಾತಿಗೆ ಒಡೆಯನಿಲ್ಲ. ಆದುದರಿಂದ ಮಾತಿನ ಚಿಕಿತ್ಸೆಯನ್ನು ಪರೀಕ್ಷಿಸುವ ಭಾರವು ಸರ್ಕಾರದ ಮೇಲೆ ಅಥವಾ ದಾನಿಗಳ ಮೇಲೆ ಬೀಳುತ್ತದೆ. ಈ ವಿಷಯದ ಚರಿತ್ರೆಯೆಲ್ಲವೂ ಈ ಒಂದು ಸಂಗತಿಯ ಸುತ್ತ ತಿರುಗುತ್ತದೆ.

ನಮ್ಮ ದಕ್ಷಿಣದೇಶದಲ್ಲಿ ಸರ್ಕಾರದ ದ್ರವ್ಯವು ಮೊದಲು ಹರಿದುದು ಚಿಕಿತ್ಸೆಯ ಕಡೆಗಲ್ಲ, ನಿಷೇಧದ ಕಡೆಗೆ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರು 1929ರಿಂದಲೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯ ಮೂಲಕ ಪಾನನಿರೋಧವನ್ನು ಬೋಧಿಸಿದ್ದರು. ಅವರು ಮದರಾಸು ಪ್ರಾಂತದ ಪ್ರಧಾನಿಗಳಾದ ಮೇಲೆ, 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧವು ಜಾರಿಗೆ ಬಂದಿತು. ಕನ್ನಡ ಮಾತನಾಡುವ ಹೊಸೂರು ಸೀಮೆಯೂ ಅಂದು ಆ ಜಿಲ್ಲೆಗೆ ಸೇರಿದ್ದಿತು. ಅಬಕಾರಿ ಆದಾಯದ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿ 1939ರಲ್ಲಿ ಮಾರಾಟ ತೆರಿಗೆಯನ್ನು ವಿಧಿಸಲಾಯಿತು. 1948ರ ಅಕ್ಟೋಬರ್ 2ರಂದು ನಿಷೇಧವು ಪ್ರಾಂತಕ್ಕೆಲ್ಲ ವ್ಯಾಪಿಸಿದಾಗ, ಅಂದು ಅದರಲ್ಲಿದ್ದ ದಕ್ಷಿಣ ಕನ್ನಡ ಮತ್ತು ಬಳ್ಳಾರಿಯ ಕನ್ನಡಿಗರೂ ಅದರ ವ್ಯಾಪ್ತಿಗೆ ಒಳಪಟ್ಟರು.

ಸೇಲಂ ಪ್ರಯೋಗದ ಫಲವನ್ನು ಅರ್ಥಶಾಸ್ತ್ರಜ್ಞರು ಪರಿಶೀಲಿಸಿದರು. ಮನೆಯ ಖರ್ಚೆಷ್ಟು, ಸಾಲವೆಷ್ಟು ಎಂಬವು ಅವರ ಪ್ರಶ್ನೆಗಳು. ಅವು ಉಪಯುಕ್ತವಾದುವೇ. ಆದರೆ ಕುಡಿಯುವವನ ಮನಸ್ಸು ಹೇಗೆ ತಿರುಗುತ್ತದೆ ಎಂಬುದು ನಿಷೇಧದ ಆಡಳಿತಕ್ಕೆ ಬೇಕಾದ ಪ್ರಶ್ನೆಯಾಗಿರಲಿಲ್ಲ. ಅಂಗಡಿ ಮುಚ್ಚಿದರೆ ಕುಡುಕನೂ ಇಲ್ಲವಾಗುವನೆಂಬುದು ಅದರ ತರ್ಕ. ತಮಿಳುನಾಡಿನಲ್ಲಿ 1971ರಲ್ಲಿ ನಿಷೇಧ ಸಡಿಲವಾಯಿತು, 1974ರಲ್ಲಿ ಮರಳಿತು, 1981ರಲ್ಲಿ ಮತ್ತೆ ಸಡಿಲವಾಯಿತು. 1983ರಲ್ಲಿ ಸ್ಥಾಪಿತವಾದ ಸರ್ಕಾರಿ ಮದ್ಯ ನಿಗಮಕ್ಕೆ 2003ರಲ್ಲಿ ಚಿಲ್ಲರೆ ಮಾರಾಟದ ಏಕಸ್ವಾಮ್ಯವೂ ದೊರೆಯಿತು. ಅಂಗಡಿಯ ಬಾಗಿಲು ಎಷ್ಟು ಸಲ ಮುಚ್ಚಿ ತೆರೆದರೂ ರೋಗಿಯು ಇದ್ದಲ್ಲಿಯೇ ಇದ್ದನು.

ಮದರಾಸಿನಲ್ಲಿ ರೋಗಿಯ ಕಡೆಗೆ ದೃಷ್ಟಿಯನ್ನು ತಿರುಗಿಸಿದುದು ಒಂದು ಮನೆತನದ ದುಃಖ. ಟಿ.ಟಿ. ಕೃಷ್ಣಮಾಚಾರಿಯವರ ಮನೆತನಕ್ಕೆ ಸೊಸೆಯಾಗಿ ಬಂದ ಶಾಂತಿ ರಂಗನಾಥನ್ ಅವರು ಪಾನವ್ಯಸನದಿಂದ ಪತಿಯನ್ನು ಕಳೆದುಕೊಂಡು, 1980ರಲ್ಲಿ ಆತನ ಹೆಸರಿನಲ್ಲಿ ‘ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ರೋಗಿಗೆ ಆಪ್ತಸಮಾಲೋಚನೆ, ಹೆಂಡತಿಮಕ್ಕಳಿಗೂ ಪ್ರತ್ಯೇಕವಾದ ತಿಳಿವಳಿಕೆ, ಹಳ್ಳಿಗಳಲ್ಲಿ ಶಿಬಿರ ಇವು ಆ ಸಂಸ್ಥೆಯ ಕಾರ್ಯವಿಧಾನಗಳು. ಸ್ಥಾಪಕರಿಗೆ 1992ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಆಸ್ಪತ್ರೆಯೊಂದಕ್ಕೆ ‘ಸಂಶೋಧನೆ’ ಎಂಬ ಮಾತನ್ನು ಹೆಸರಿನಲ್ಲಿಯೇ ಇಟ್ಟುದು ದೂರದೃಷ್ಟಿಯ ಲಕ್ಷಣ.

ಕೇಂದ್ರ ಸರ್ಕಾರವು 1985–86ರಿಂದ ಸ್ವಯಂಸೇವಾ ಸಂಸ್ಥೆಗಳಿಗೆ ಪಾನನಿರೋಧ ಮತ್ತು ಮಾದಕವಸ್ತು ನಿವಾರಣೆಯ ಯೋಜನೆಯಲ್ಲಿ ಅನುದಾನ ನೀಡತೊಡಗಿತು. ಇದು ಮುಖ್ಯವಾಗಿ ಚಿಕಿತ್ಸಾಕೇಂದ್ರಗಳನ್ನು ನಡೆಸುವುದಕ್ಕೆ ಒದಗಿದ ಹಣ. 1985ರ ಮಾದಕವಸ್ತು ಕಾಯಿದೆಗೆ 1989ರಲ್ಲಿ 7ಎ ಎಂಬ ಕಲಮನ್ನು ಸೇರಿಸಿ ಒಂದು ರಾಷ್ಟ್ರೀಯ ನಿಧಿಯನ್ನೂ ಏರ್ಪಡಿಸಲಾಯಿತು. ಅದರ ಉದ್ದೇಶಗಳನ್ನು ಎಣಿಸುವಲ್ಲಿ ಕಳ್ಳಸಾಗಣೆಯ ತಡೆ, ವ್ಯಸನಿಗಳ ಗುರುತಿಸುವಿಕೆ, ಚಿಕಿತ್ಸೆ, ಪುನರ್ವಸತಿ, ಜನಶಿಕ್ಷಣ ಮೊದಲಾದುವು ಉಂಟು. ಸಂಶೋಧನೆ ಎಂಬ ಮಾತು ಆ ಪಟ್ಟಿಯಲ್ಲಿಲ್ಲ. ಚಿಕಿತ್ಸೆಯನ್ನು ಹಂಚುವುದಕ್ಕೆ ಹಣವಿದ್ದು, ಹಂಚುವ ಚಿಕಿತ್ಸೆ ಫಲಿಸುವುದೇ ಎಂದು ನೋಡುವುದಕ್ಕೆ ಹೆಸರಿಲ್ಲದೆ ಹೋದುದು ಚಿಂತಿಸತಕ್ಕ ವಿಷಯ. ಬೆಂಗಳೂರಿನಲ್ಲಿ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಿಂದ ಬೆಳೆದು 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, 1991ರಲ್ಲಿ ವ್ಯಸನಮುಕ್ತಿ ಘಟಕವನ್ನು ತೆರೆದು ಈ ಶಾಸ್ತ್ರಕ್ಕೆ ಕನ್ನಡನಾಡಿನಲ್ಲಿ ನೆಲೆಯನ್ನು ಕಲ್ಪಿಸಿತು.

ಇದೇ ಕಾಲದಲ್ಲಿ ಅಮೆರಿಕದ ಮಾರ್ಗವು ಬೇರೆಯಾಗಿದ್ದಿತು. ಅಲ್ಲಿ 1970ರ ಕಾಯಿದೆಯಿಂದ ಮದ್ಯವ್ಯಸನಕ್ಕೂ, 1974ರಲ್ಲಿ ಮಾದಕವಸ್ತುಗಳಿಗೂ ಪ್ರತ್ಯೇಕ ರಾಷ್ಟ್ರೀಯ ಸಂಶೋಧನಾಲಯಗಳು ಹುಟ್ಟಿದುವು. 1989ರಲ್ಲಿ ಆರಂಭವಾದ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ಪರೀಕ್ಷೆಯಲ್ಲಿ 1726 ಮಂದಿ ರೋಗಿಗಳ ಮೇಲೆ ಮೂರು ಬಗೆಯ ಮಾತಿನ ಚಿಕಿತ್ಸೆಗಳನ್ನು ಹೋಲಿಸಿ ನೋಡಲಾಯಿತು. 1997ರಲ್ಲಿ ಪ್ರಕಟವಾದ ಫಲದಂತೆ ಮೂರೂ ಹೆಚ್ಚುಕಡಿಮೆ ಸಮಾನವಾಗಿಯೇ ಉಪಕರಿಸಿದ್ದುವು. ಮುಖ್ಯವಾದುದು ಆ ಫಲಕ್ಕಿಂತಲೂ ಅದನ್ನು ಸಾಧಿಸಿದ ಕ್ರಮ. ಚಿಕಿತ್ಸೆಯನ್ನು ಮೊದಲು ರೂಪಿಸಿ ಕೈಪಿಡಿಯಾಗಿ ಬರೆಯುವುದು, ಅನಂತರ ಕಟ್ಟುನಿಟ್ಟಾದ ಪರೀಕ್ಷೆಗೆ ಒಡ್ಡುವುದು, ಕಡೆಗೆ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ನಡೆಯುವುದೇ ಎಂದು ನೋಡುವುದು ಎಂಬ ಮೂರು ಘಟ್ಟಗಳನ್ನು ಅಲ್ಲಿಯ ವಿದ್ವಾಂಸರು ಗೊತ್ತುಪಡಿಸಿದರು. ಮೊದಲನೆಯ ಘಟ್ಟಕ್ಕೂ, ಎಂದರೆ ಇನ್ನೂ ರೂಪುಗೊಳ್ಳುತ್ತಿರುವ ವಿಚಾರಕ್ಕೂ, ಅನುದಾನ ದೊರೆಯಬೇಕೆಂಬುದು ಈ ಕ್ರಮದ ತಿರುಳು.

ಆ ಕ್ರಮವು ನಮ್ಮ ನೆರೆಯಲ್ಲಿಯೇ ಫಲಿಸಿದುದಕ್ಕೆ ಗೋವೆಯ ನಿದರ್ಶನವಿದೆ. ಅಲ್ಲಿಯ ‘ಸಂಗಾತ್’ ಸಂಸ್ಥೆಯು ಇಂಗ್ಲೆಂಡಿನ ವೆಲ್‌ಕಮ್ ಟ್ರಸ್ಟಿನ ದ್ರವ್ಯಸಹಾಯದಿಂದ ಒಂದು ಸಂಕ್ಷಿಪ್ತ ಮಾತಿನ ಚಿಕಿತ್ಸೆಯನ್ನು ರೂಪಿಸಿ, ಸ್ಥಳೀಯರಾದ ಸಾಮಾನ್ಯ ವಿದ್ಯಾವಂತರಿಗೆ ತರಬೇತಿಯಿತ್ತು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 2013ರಿಂದ 377 ಮಂದಿ ಪುರುಷರನ್ನು ಸೇರಿಸಿಕೊಂಡು ಪರೀಕ್ಷಿಸಿತು. ಮೂರು ತಿಂಗಳ ಕೊನೆಗೆ, ಸಾಧಾರಣ ಉಪಚಾರ ಪಡೆದವರಲ್ಲಿ 26% ಮಂದಿಯೂ ಈ ಚಿಕಿತ್ಸೆ ಪಡೆದವರಲ್ಲಿ 36% ಮಂದಿಯೂ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು. ವರ್ಷದ ಕೊನೆಗೆ ಈ ಅಂತರ ಇನ್ನೂ ಹೆಚ್ಚಿತು. ಆದರೆ ಕುಡಿತವನ್ನು ಬಿಡದೆ ಮುಂದುವರಿಸಿದವರಲ್ಲಿ ಕುಡಿಯುವ ಪ್ರಮಾಣವೇನೂ ತಗ್ಗಲಿಲ್ಲವೆಂಬುದನ್ನು ಆ ಸಂಶೋಧಕರೇ ಮರೆಮಾಚದೆ ಹೇಳಿದ್ದಾರೆ. ಬುದ್ಧಿ ಇಲ್ಲಿಯದು, ಭಾಷೆ ಇಲ್ಲಿಯದು. ಥೈಲಿ ಮಾತ್ರ ಹೊರಗಿನದು.

ಇಲ್ಲಿಗೆ ನಮ್ಮ ನುಡಿಯ ಪ್ರಶ್ನೆ ಬರುತ್ತದೆ. ಮಾತ್ರೆಗೆ ಭಾಷಾಂತರ ಬೇಡ; ಮಾತಿನ ಚಿಕಿತ್ಸೆಗೆ ಭಾಷೆಯೇ ದ್ರವ್ಯ. ಒಂದು ಉದಾಹರಣೆಯನ್ನು ನೋಡಬಹುದು. ವಿಶ್ವ ಆರೋಗ್ಯ ಸಂಸ್ಥೆಯು ರಚಿಸಿದ ಹತ್ತು ಪ್ರಶ್ನೆಗಳ ಪಟ್ಟಿಯಿಂದ ಕುಡಿತದ ಅಪಾಯವನ್ನು ಅಳೆಯುವ ರೂಢಿಯಿದೆ. ಗೋವೆಯಲ್ಲಿ ಆರಿಸಿಕೊಂಡುದು ಅದರಲ್ಲಿ 12ರಿಂದ 19 ಅಂಕ ಬಂದವರನ್ನು. ದಿನಕ್ಕೆ ಎಷ್ಟು ‘ಪಾನ’ ಎಂದು ಅದು ಕೇಳುತ್ತದೆ. ಅಲ್ಲಿ ಒಂದು ಪಾನವೆಂದರೆ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. ಅಂಬತ್ತೂರಿನ ಕಾರ್ಮಿಕನು ಎಣಿಸುವುದು ಕ್ವಾರ್ಟರಿನಲ್ಲಿ. 180 ಮಿಲಿಲೀಟರಿನ ಆ ಸೀಸೆಯಲ್ಲಿ 42.8% ತೀಕ್ಷ್ಣತೆಯ ಮದ್ಯವಿದ್ದರೆ ಮದ್ಯಸಾರವು ಸುಮಾರು 60 ಗ್ರಾಂ ಆಗುತ್ತದೆ. ‘ಒಂದೇ ಒಂದು’ ಎಂದು ಅವನು ಸತ್ಯವನ್ನೇ ಹೇಳಿದರೂ ಪಟ್ಟಿಯ ಲೆಕ್ಕದಲ್ಲಿ ಅದು ಆರು. ಅಳತೆಯಲ್ಲಿಯೇ ಹೀಗಾದರೆ ಮನಸ್ಸಿನ ಮಾತಿನಲ್ಲಿ ಹೇಗಾಗಬೇಡ? ಕುಡಿಯಬೇಕೆಂಬ ಒತ್ತಡವನ್ನು ಒಬ್ಬನು ಚಪಲವೆನ್ನುತ್ತಾನೆ, ಒಬ್ಬನು ಹಪಾಹಪಿಯೆನ್ನುತ್ತಾನೆ, ಉತ್ತರ ಕರ್ನಾಟಕದವನು ತಲಬು ಎನ್ನುತ್ತಾನೆ. ‘ಚಟ’ ಎಂದ ಕೂಡಲೇ ನಾಚಿ ಬಾಯಿ ಮುಚ್ಚುವವರೂ ಉಂಟು.

ಕುಡಿಯುವವನ ಅಂತರಂಗಕ್ಕೆ ಕನ್ನಡದಲ್ಲಿ ಮಾತಿಲ್ಲವೆನ್ನುವಂತಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಮಾರಯ್ಯನಿದ್ದನು. ನಮ್ಮ ಕಾಲದಲ್ಲಿ ಜಿ.ಪಿ. ರಾಜರತ್ನಂ ಅವರು ಎಂಡ್ಕುಡುಕ ರತ್ನನಿಗೆ ಅವನದೇ ಮಾತನ್ನು ಕೊಟ್ಟು ಹಾಡಿಸಿದರು. 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆದ ಮದ್ಯವರ್ಜನ ಶಿಬಿರಗಳಲ್ಲಿ ಅಸಂಖ್ಯ ಸಂಸಾರಗಳು ಕನ್ನಡದಲ್ಲಿಯೇ ತಮ್ಮ ಕಥೆಯನ್ನು ಹೇಳಿಕೊಂಡಿವೆ. ಈ ಅನುಭವವನ್ನು ಕ್ರಮಪಡಿಸಿ, ಕೈಪಿಡಿಯಾಗಿಸಿ, ಪರೀಕ್ಷೆಗೆ ಒಡ್ಡುವ ಕೆಲಸಕ್ಕೆ ದ್ರವ್ಯ ಬೇಕು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ಸಿದ್ಧಪಡಿಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದ್ದಿತು. ಉಳಿದ 37 ಮಂದಿಯನ್ನು ಮುಟ್ಟಬಲ್ಲುದು ಸಂಬಳಕ್ಕೆ ನಿಲುಕುವ, ಮನೆಮಾತಿನಲ್ಲಿ ನಡೆಯುವ ಚಿಕಿತ್ಸೆಯೇ ಹೊರತು ದೊಡ್ಡ ಆಸ್ಪತ್ರೆಯ ಮಂಚಗಳಲ್ಲ.

ಪರನಾಡಿನ ಕನ್ನಡ ಸಂಘಗಳು ಲಕ್ಷಾಂತರ ರೂಪಾಯಿಗಳ ಪ್ರಯೋಗಗಳನ್ನು ನಡೆಸಲಾರವು. ಆದರೆ ಮೊದಲನೆಯ ಘಟ್ಟಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಕಿವಿ. ಬೇರೆ ಬೇರೆ ಸೀಮೆಗಳಿಂದ ಬಂದ ನಮ್ಮವರು ಈ ನೋವನ್ನು ಯಾವ ಪದಗಳಲ್ಲಿ ಹೇಳಿಕೊಳ್ಳುತ್ತಾರೆ, ಯಾವ ಅಳತೆಯಲ್ಲಿ ಎಣಿಸುತ್ತಾರೆ, ಯಾರ ಮುಂದೆ ಬಾಯಿ ಬಿಡುತ್ತಾರೆ ಎಂಬುದನ್ನು, ಹೆಸರುಗಳನ್ನು ಗುಪ್ತವಾಗಿಟ್ಟು ಸಂಗ್ರಹಿಸಿ ವೈದ್ಯ ಸಂಶೋಧಕರ ಕೈಗೆ ಒಪ್ಪಿಸುವುದು ಸಾಧ್ಯವಾದ ಕೆಲಸ. ಸಾಹಿತ್ಯಕ್ಕಾಗಿ ದತ್ತಿನಿಧಿಗಳನ್ನು ಕಟ್ಟಿಕೊಂಡು ಬಂದಿರುವ ನಾವು, ಅದರೊಡನೆ ಇಂಥದೊಂದು ಸಣ್ಣ ನಿಧಿಯನ್ನೂ ಇಟ್ಟರೆ ನುಡಿಗೆ ಅದು ಕಡಮೆಯ ಸೇವೆಯಾಗಲಾರದು.